ಕುಂಬಾರನ ಕತ್ತೆಯೂ ನಾಟಕದ ತಿಕೀಟೂ

ಸಂಕ್ರಮಣದ ಸಮಯಕ್ಕೆ ವಿಜಯಪುರದಲ್ಲಿ ಸಿದ್ಧೇಶ್ವರನ ಜಾತ್ರೆಯು ನೆರೆದಾಗ, ಬೀದಿಯಲ್ಲಿ ಕಿವಿಗೊಟ್ಟು ನಡೆಯುವವನಿಗೆ ಎರಡು ಬಗೆಯ ನಾದಗಳು ಕೇಳಿಬರುವವು. ನಂದಿಧ್ವಜಗಳ ಮುಂದೆ ಮೊಳಗುವ ವಾದ್ಯಗಳದು ಒಂದು; ಆಟೋರಿಕ್ಷಾದ ನೆತ್ತಿಗೆ ಕಟ್ಟಿದ ನಾಟಕ ಕಂಪನಿಯ ಧ್ವನಿವರ್ಧಕದ್ದು ಮತ್ತೊಂದು. ಮೊದಲನೆಯದು ಯಾರನ್ನೂ ಹೆಸರು ಹಿಡಿದು ಕರೆಯುವದಿಲ್ಲ. ಆದರೂ ಸುತ್ತಣ ಹಳ್ಳಿಗಳ ಜನರು ಬುತ್ತಿ ಕಟ್ಟಿಕೊಂಡು ಬರುವರು. ಎರಡನೆಯದು ಮುಂಜಾವಿನಿಂದ ಬೈಗಿನವರೆಗೆ ಕರೆದೇ ಕರೆಯುವದು. ಅದರ ಕರೆಗೆ ಜನರು ಒಮ್ಮೆ ಬರುವರು, ಒಮ್ಮೆ ಬಾರರು. ಬಂದರೆ, ಕರೆದುದರಿಂದ ಬಂದರೆಂದು ಕರೆದವನ ತಿಳಿವಳಿಕೆ. ಬಾರದಿದ್ದರೆ, ಕರೆದುದು ಸಾಲದಾಯಿತೆಂದು ಅವನದೇ ತಿಳಿವಳಿಕೆ. ಗೆದ್ದರೂ ತಾನೇ ಸರಿ, ಸೋತರೂ ತಾನೇ ಸರಿ ಎನ್ನುವ ವಾದವು ಎಲ್ಲಿಯೇ ಕಂಡುಬರಲಿ, ಅದನ್ನೊಮ್ಮೆ ತಕ್ಕಡಿಗೆ ಹಾಕಿ ನೋಡುವದು ಒಳ್ಳೆಯದು.

2014ನೆಯ ಇಸವಿಯ ಜಾತ್ರೆಗೆ ಬಂದಿದ್ದ ಒಂದು ಕಂಪನಿಯ ಸಂಗತಿಯಿದು. ಅಂದಿಗೆ ಊರಿನ ಸರಕಾರಿ ಹೆಸರು ಬಿಜಾಪುರವೆಂದೇ ಇದ್ದಿತು. ಅದೇ ವರ್ಷದ ನವೆಂಬರ 1ರಂದು ಅದು ವಿಜಯಪುರವಾಯಿತು. ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ. ಮಾಲಕನು ನಾಲ್ವತ್ತರ ಆಸುಪಾಸಿನವನು. ತಂದೆಯಿಂದ ಬಂದ ಪರದೆ-ಪೆಟ್ಟಿಗೆಗಳನ್ನೂ ತಂದೆಯ ಸಾಲವನ್ನೂ ಒಟ್ಟಿಗೇ ಹೊತ್ತವನು. ಆ ವರ್ಷ ಅವನು ಹೊಸದೊಂದು ನಾಟಕಕ್ಕೆ ಎರಡರ್ಥ ಬರುವ ಹೆಸರಿಟ್ಟು, ಊರಿನ ಮೂಲೆಮೂಲೆಗೆ ಫ್ಲೆಕ್ಸ್ ಬೋರ್ಡುಗಳನ್ನು ನಿಲ್ಲಿಸಿ, ಎರಡು ಆಟೋಗಳನ್ನು ಬಾಡಿಗೆಗೆ ಹಿಡಿದು ಸಾರಿಸಿದನು. ಜಾತ್ರೆ ಮುಗಿಯುವವರೆಗೆ ದಿನಕ್ಕೆರಡು ಆಟ; ಎರಡಕ್ಕೂ ಡೇರೆಯು ತುಂಬಿತು. ಗಲ್ಲಾದ ಮುಂದೆ ಕುಳಿತು ನೋಟುಗಳನ್ನು ಎಣಿಸುತ್ತ ಮಾಲಕನು ಜಾಹೀರಾತಿನ ಮಹಿಮೆಯನ್ನು ಕೊಂಡಾಡಿದನು.

ಬಾಗಿಲಲ್ಲಿ ತಿಕೀಟು ಹರಿಯುವ ಮುದುಕನೊಬ್ಬನಿದ್ದನು. ಮಾಲಕನ ತಂದೆಯ ಕಾಲದಿಂದಲೂ ಅದೇ ಬಾಗಿಲಲ್ಲಿ ನಿಂತವನು. ಅವನೆಂದನು: “ಮಾಲಕರ, ಜಾತ್ರಿ ಮಂದಿ ಹೆಂಗೂ ಊರಾಗ ಬಂದೈತ್ರಿ. ತೊಗರಿ ರೊಕ್ಕ ಕಿಸೇದಾಗೈತಿ. ರಾತ್ರಿ ಮಲಗಾಕ ಜಾಗಾ ಇಲ್ಲ, ಹೊರಗ ಥಂಡಿ. ನಮ್ಮ ಡೇರೇದಾಗ ಬಂದು ಕುಂದ್ರದ ಮತ್ತೆಲ್ಲಿ ಹೋಗ್ತಾರ್ರಿ?” ಮಾಲಕನು ನಕ್ಕು, “ಕಾಕಾ, ಈಗಿನ ವ್ಯಾಪಾರ ನಿಮಗ ತಿಳಿಯಂಗಿಲ್ಲ ಬಿಡ್ರಿ” ಎಂದನು.

ಆ ಮುದುಕನು ತರ್ಕಸಂಗ್ರಹವನ್ನು ಓದಿದವನಲ್ಲ. ಆದರೆ ಅನ್ನಂಭಟ್ಟನು ತನ್ನ ಆ ಚಿಕ್ಕ ಗ್ರಂಥದಲ್ಲಿ ಉಪಾಧಿಯೆಂದು ಹೆಸರಿಸಿ ತೋರಿಸಿದ ದೋಷವನ್ನೇ ಅವನು ಬಾಗಿಲಲ್ಲಿ ನಿಂತು ಕಂಡುಕೊಂಡಿದ್ದನು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವದೆಂದು ಒಬ್ಬನು ವಾದಿಸುತ್ತಾನೆನ್ನಿರಿ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗಾದರೆ ಅಡಿಗೆಯ ಮನೆಯಲ್ಲಿ ಹೊಗೆಯೆಬ್ಬಿಸಿದುದು ಯಾವದು? ಒಲೆಯೊಳಗಿನ ಹಸಿಯ ಕಟ್ಟಿಗೆ. ಫ್ಲೆಕ್ಸ್ ಬೋರ್ಡನ್ನು ಬೆಂಕಿಯೆಂದೇ ಇಟ್ಟುಕೊಂಡರೂ ಹಸಿಯ ಕಟ್ಟಿಗೆಯು ಜಾತ್ರೆ. ಅದಕ್ಕೂ ಹಿಂದೆ ಹೋದರೆ ತೊಗರಿಯ ರಾಶಿ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳೆಂಬ ಮಾತು ಈ ಸೀಮೆಯಲ್ಲಿ ಹಳೆಯದು. ಡೋಣಿಯ ದಂಡೆಯ ಎರೆಹೊಲವು ಕೈಕೊಟ್ಟ ವರ್ಷದಲ್ಲಿ ಎಂಥ ಕಂಠದವನು ಬಂದು ಸಾರಿದರೂ ಡೇರೆಯು ಬಿಕೋ ಎನ್ನುವದು. ಇದನ್ನು ಹಳೆಯ ಕಂಪನಿಯವರೆಲ್ಲ ಬಲ್ಲರು. ಬಲ್ಲವರೂ ಗಲ್ಲಾ ತುಂಬಿದ ದಿನ ಮರೆಯುವರು.

ಜಾತ್ರೆ ಚೆದರಿತು. ಕಂಪನಿಯು ಗಂಟುಮೂಟೆ ಕಟ್ಟಿ ಅಥಣಿಯ ಹಾದಿ ಹಿಡಿದು ತಿಕೋಟಾಕ್ಕೆ ಬಂದು ಡೇರೆ ಹೊಡೆಯಿತು. ಇಂದು ತಾಲೂಕಿನ ಸ್ಥಳವಾಗಿರುವ ಆ ಊರು ಅಂದು ಇನ್ನೂ ನಗರದ ತಾಲೂಕಿಗೇ ಸೇರಿದ್ದಿತು. ಸುತ್ತಲೂ ದ್ರಾಕ್ಷಿಯ ತೋಟಗಳು; ಹಣ ಕಂಡ ಮಂದಿ. ಮಾಲಕನ ಕೈಯಲ್ಲಿ ಜಾತ್ರೆಯ ಉತ್ಪನ್ನವಿದ್ದಿತು. ಅವನೆದುರಿಗೆ ಎರಡು ಖರ್ಚುಗಳಿದ್ದವು. ಪೇಟಿ ಮಾಸ್ತರನಿಗೂ ಹಾಡುವ ನಾಯಕಿಗೂ ಮೂರು ತಿಂಗಳ ಪಗಾರವು ಬಾಕಿ. ಅದನ್ನು ತೀರಿಸಿದರೆ ಆಟೋಗಳಿಗೆ ಹಣವಿಲ್ಲ. ಆಟೋಗಳನ್ನು ಹೂಡಿದರೆ ಪಗಾರಕ್ಕೆ ಹಣವಿಲ್ಲ. ಮಾಲಕನು ಒಂದು ರಾತ್ರಿ ವಿಚಾರ ಮಾಡಿ ಜಾಹೀರಾತನ್ನೇ ಆರಿಸಿಕೊಂಡನು. ಅವನ ತರ್ಕದಲ್ಲಿ ಇದಕ್ಕೆ ದೋಷವಿರಲಿಲ್ಲ: ಜಾಹೀರಾತಿನಿಂದ ಜನ, ಜನರಿಂದ ಹಣ, ಹಣದಿಂದ ಪಗಾರ. ಮೂರನೆಯ ಆಟೋ ಒಂದನ್ನು ಕೂಡಿಸಿ ಅದನ್ನು ಬಬಲೇಶ್ವರದ ಕಡೆಗೆ ಅಟ್ಟಿದನು. ಪೇಟಿ ಮಾಸ್ತರನು ಏನೂ ಆಡಲಿಲ್ಲ. ನಾಲ್ಕನೆಯ ದಿನ ಬೆಳಗಿನಲ್ಲಿ ನೋಡಿದರೆ ಅವನೂ ಇಲ್ಲ, ನಾಯಕಿಯೂ ಇಲ್ಲ. ಬನಶಂಕರಿಯ ಜಾತ್ರೆಯಲ್ಲಿದ್ದ ಬೇರೊಂದು ಕಂಪನಿಯನ್ನು ಸೇರಿದರೆಂದು ಸಂಜೆಗೆ ಸುದ್ದಿ ಬಂದಿತು.

ಜಾಹೀರಾತಿನ ಬಲವನ್ನು ಪರೀಕ್ಷಿಸಬೇಕೆನ್ನುವವರಿಗೆ ಬಾದಾಮಿಯ ಆ ಬನಶಂಕರಿಗಿಂತ ಉತ್ತಮವಾದ ಸ್ಥಳವು ಈ ಪ್ರಾಂತದಲ್ಲಿ ಇಲ್ಲ. ಬನದ ಹುಣ್ಣಿವೆಗೆ ತೇರೆಳೆದ ಮೇಲೂ ತಿಂಗಳ ಕಾಲ ಜಾತ್ರೆಯು ನಿಲ್ಲುವದು. ಹಲವು ಕಂಪನಿಗಳು ಒಂದರ ಮಗ್ಗುಲಿಗೆ ಒಂದು ಡೇರೆ ಹೊಡೆದಿರುವವು. ಎಲ್ಲರದೂ ಧ್ವನಿವರ್ಧಕ, ಎಲ್ಲರದೂ ಬಣ್ಣದ ಬೋರ್ಡು, ಎಲ್ಲರೂ ಕೂಗುವದು ಅದೇ ಜನರ ಕಿವಿಗೆ. ಹೀಗಿದ್ದೂ ಒಂದು ಡೇರೆಯಲ್ಲಿ ಸೂಜಿ ಬೀಳಲು ಸ್ಥಳವಿಲ್ಲ, ಮಗ್ಗುಲದಲ್ಲಿ ಕುರ್ಚಿಗಳು ಆಕಳಿಸುತ್ತಿರುವವು. ಕಾರಣವು ಎರಡೂ ಕಡೆಗೆ ಸಮನಾಗಿದ್ದು ಕಾರ್ಯವು ಭಿನ್ನವಾದರೆ, ಭೇದವನ್ನು ಬೇರೆಡೆಯಲ್ಲಿ ಹುಡುಕಬೇಕಲ್ಲವೆ?

ತಿಕೋಟಾದಲ್ಲಿ ಮೊದಲ ಎರಡು ರಾತ್ರಿ ಡೇರೆ ತುಂಬಿತು. ಪೇಟಿ ಮಾಸ್ತರನು ಹೋದ ಮೇಲೆ ಅರ್ಧಕ್ಕಿಳಿಯಿತು. ವಾರ ತುಂಬುವದರೊಳಗೆ ಮುಂದಿನ ನಾಲ್ಕು ಸಾಲುಗಳಷ್ಟೇ ಉಳಿದವು. ಮಾಲಕನು ಸಾರುವ ಹುಡುಗನಿಗೆ ಇನ್ನೂ ಗಟ್ಟಿಯಾಗಿ ಸಾರೆಂದು ಹೇಳಿದನು. ಹೆಸರಿನ ಎರಡನೆಯ ಅರ್ಥವನ್ನು ಇನ್ನಷ್ಟು ಎಳೆದು ಹೇಳೆಂದನು. ಹುಡುಗನು ಹೇಳಿದನು. ಹೆಣ್ಣುಮಕ್ಕಳು ಕುಳಿತುಕೊಳ್ಳುವ ಬದಿಯು ಅಂದಿನಿಂದ ಪೂರ್ಣ ಬರಿದಾಯಿತು. ಜಾಹೀರಾತು ಜನರನ್ನು ತರುವದೋ ಇಲ್ಲವೋ ಎಂಬಲ್ಲಿ ವಿವಾದವಿರಬಹುದು. ಬರುವವರನ್ನು ಅದು ತಡೆಯಬಲ್ಲದೆಂಬಲ್ಲಿ ಮಾತ್ರ ವಿವಾದವಿಲ್ಲ.

ಕೊನೆಗೆ ಆಟೋದವರು ಬಾಡಿಗೆ ಬಾರದೆಂದು ಬಂಡಿಗಳನ್ನು ಬಿಚ್ಚಿಕೊಂಡು ಹೋದರು. ಅಂದು ಊರಿನಲ್ಲಿ ಕಂಪನಿಯ ಸದ್ದೇ ಇಲ್ಲ. ಇಂದಿಗೆ ಡೇರೆ ಮುಚ್ಚಿತೆಂದು ಮಾಲಕನು ಮುಸುಕೆಳೆದು ಮಲಗಿದನು. ರಾತ್ರಿ ಒಂಬತ್ತೂಕಾಲಿಗೆ ಮುದುಕನು ಬಂದು ಎಬ್ಬಿಸಿ, “ನಾಕ ಸಾಲ ಐತ್ರಿ, ಗಂಟಿ ಬಾರಸ್ಲೇನ್ರಿ?” ಎಂದು ಕೇಳಿದನು. ನಿನ್ನೆಯಷ್ಟೇ ಜನ! ಮರುದಿನವೂ ಅಷ್ಟೇ. ಹೆಚ್ಚಲಿಲ್ಲ, ಇಳಿಯಲಿಲ್ಲ. ಮೂರು ಆಟೋಗಳು ದಿನವೆಲ್ಲ ಡೀಸೆಲು ಸುಟ್ಟು ತರುತ್ತಿದ್ದ ಮಂದಿಯು ಆಟೋ ಇಲ್ಲದೆಯೇ ನಡೆದುಬಂದಿದ್ದಿತು. ಜನರು ಬಾರದಿದ್ದರೆ ಮಾಲಕನಿಗೆ ದುಃಖವಾಗುತ್ತಿತ್ತು. ಬಂದದ್ದರಿಂದ ಅವನಿಗೆ ಭಯವಾಯಿತು. ಪೇಟಿ ಮಾಸ್ತರನ ಮೂರು ತಿಂಗಳ ಪಗಾರವು ಅವನ ಕಣ್ಣೆದುರಿಗೆ ಬಂದು ನಿಂತಿತು.

ಒಂದು ವಸ್ತುವಿದ್ದಾಗ ಮತ್ತೊಂದು ಇರುವದು ಅನ್ವಯ. ಒಂದಿಲ್ಲದಾಗ ಮತ್ತೊಂದೂ ಇಲ್ಲದಿರುವದು ವ್ಯತಿರೇಕ. ವ್ಯಾಪಾರಿಗಳು ಅನ್ವಯವನ್ನು ದಿನಾಲೂ ನೋಡುವರು, ಏಕೆಂದರೆ ಅದಕ್ಕೆ ಧೈರ್ಯ ಬೇಕಿಲ್ಲ. ಜಾಹೀರಾತನ್ನು ನಿಲ್ಲಿಸಿ ನೋಡುವ ವ್ಯತಿರೇಕಕ್ಕೆ ಎದೆ ಬೇಕು. ಅಮೇರಿಕೆಯ ಈಬೇ ಎಂಬ ಮಾರಾಟದ ಸಂಸ್ಥೆಯು 2012ರಲ್ಲಿ ಆ ಎದೆಯನ್ನು ತೋರಿಸಿತು. ಅಂತರಜಾಲದಲ್ಲಿ ಆ ಸಂಸ್ಥೆಯ ಹೆಸರನ್ನೇ ಬರೆದು ಹುಡುಕುವವರ ಕಣ್ಣಿಗೆ ಬೀಳಲೆಂದು ಹಣ ತೆತ್ತು ಹಾಕಿಸುತ್ತಿದ್ದ ಜಾಹೀರಾತನ್ನು ಅದು ಕೆಲವೆಡೆ ನಿಲ್ಲಿಸಿತು. ಆ ಜಾಹೀರಾತಿನ ಬಾಗಿಲಿನಿಂದ ಬರುತ್ತಿದ್ದವರಲ್ಲಿ 100ಕ್ಕೆ 99ಕ್ಕೂ ಮಿಕ್ಕಿ ಜನರು ಮಗ್ಗುಲಿನ ಪುಕ್ಕಟೆ ಬಾಗಿಲಿನಿಂದ ಬಂದರು. ಬೇರೆ ಬಗೆಯ ಹುಡುಕಾಟಗಳಲ್ಲಿಯೂ ಪರೀಕ್ಷೆಯನ್ನು ನಡೆಯಿಸಿದಾಗ ತಿಳಿದುಬಂದುದೇನೆಂದರೆ, ಜಾಹೀರಾತು ಕೆಲಸ ಮಾಡಿದ್ದು ಆ ಅಂಗಡಿಗೆ ಹೊಸಬರಾದವರ ಮೇಲೆ, ಅಪರೂಪಕ್ಕೆ ಬರುವವರ ಮೇಲೆ. ಹಳೆಯ ಗಿರಾಕಿಗಳ ಮೇಲೆ ಅದರ ಪರಿಣಾಮವು ಶೂನ್ಯಕ್ಕೆ ಸಮೀಪ. 2015ರಲ್ಲಿ ಈ ಪರೀಕ್ಷೆಯ ವಿವರವನ್ನು ಅರ್ಥಶಾಸ್ತ್ರಜ್ಞರು ಪ್ರಕಟಿಸಿದರು. ತಿಕೋಟಾದ ಮಾಲಕನಿಗೆ ಅದೇ ತಿಳಿವಳಿಕೆಯು ಒಂದು ವರ್ಷ ಮೊದಲೇ, ದಿವಾಳಿಯ ದೆಸೆಯಿಂದ, ಪುಕ್ಕಟೆಯಾಗಿ ದೊರೆತಿದ್ದಿತು. ಪುಕ್ಕಟೆಯೆನ್ನುವದು ತಪ್ಪು, ಒಬ್ಬ ಪೇಟಿ ಮಾಸ್ತರ, ಒಬ್ಬ ನಾಯಕಿ ಅದರ ಬೆಲೆ.

ಆ ದಿನಗಳಲ್ಲಿ ಡೇರೆಯ ಎದುರಿನ ಚಹದ ಅಂಗಡಿಗೆ ಬಬಲೇಶ್ವರದ ತರುಣನೊಬ್ಬನು ಬಂದು ಕೂಡ್ರುತ್ತಿದ್ದನು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಸೋದರಮಾವನ ದ್ರಾಕ್ಷಿ ತೋಟಕ್ಕೆಂದು ಬಂದವನು. ಎದೆಯ ಮೇಲೆ ಏನೋ ಪರದೇಶದ ಅಕ್ಷರಗಳುಳ್ಳ ಕರಿಯ ಅಂಗಿ. ಅದೇನೆಂದು ಮಾಲಕನು ಕೇಳಲು, ಅದು ಮೆಟಾಲಿಕಾ ಎಂಬ ರಾಕ್ ಸಂಗೀತಮೇಳದ ಹೆಸರೆಂದೂ, 2011ರ ಅಕ್ಟೋಬರ 30ರಂದು ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಅವರ ಕಚೇರಿಯಾದಾಗ ತಾನು ಸಾವಿರಾರು ಜನರೊಡನೆ ನಿಂತು ಕೇಳಿದ್ದೆನೆಂದೂ ಹೇಳಿದನು. ತಿಕೀಟಿನ ಬೆಲೆಯನ್ನು ಕೇಳಿ ಮಾಲಕನು ಚಹದ ಬಸಿಯನ್ನು ಕೆಳಗಿಟ್ಟನು. ಅಷ್ಟು ಹಣ ಕೊಟ್ಟು ಅಷ್ಟು ಜನರು ಬರಬೇಕಾದರೆ ಜಾಹೀರಾತು ಎಂಥದಿದ್ದೀತು! ಅದನ್ನೇ ಕೇಳಿದನು.

“ಅಣ್ಣಾರ, ನಾ ಒಂದೂ ಜಾಹೀರಾತ ನೋಡೇ ಇಲ್ರಿ,” ಎಂದನು ತರುಣ. “ಸಾಲ್ಯಾಗಿದ್ದಾಗಿಂದ ಅವರ ಹಾಡ ಕೇಳಾಕತ್ತೀನಿ. ಹಾಸ್ಟೆಲಿನ್ಯಾಗ ಗೆಳೆಯಾ ‘ಬರ್ತಾರಂತ’ ಅಂದಾ. ತಾರೀಖ ಯಾವಾಗಪಾ ಅಂತ ಅಷ್ಟ ಕೇಳಿದೆ.”

ಜಾಹೀರಾತುಗಳು ಇರಲಿಲ್ಲವೆಂದಲ್ಲ, ಬೆಂಗಳೂರಿನಲ್ಲಿ ಬೇಕಾದಷ್ಟು ಇದ್ದಿರಬೇಕು. ಆದರೆ ಆ ಮೇಳವು ಹುಟ್ಟಿದುದು 1981ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಭಾರತಕ್ಕೆ ಅವರು ಬಂದುದು ಮೂವತ್ತು ವರ್ಷಗಳ ತರುವಾಯ. ಆ ಮೂವತ್ತು ವರ್ಷಗಳಲ್ಲಿ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ದಾಟಿ, ಅಣ್ಣನಿಂದ ತಮ್ಮನಿಗೆ ಇಳಿದು, ಬಬಲೇಶ್ವರದಂಥ ಊರಿನ ಹುಡುಗನ ಕಿವಿಯನ್ನೂ ಮುಟ್ಟಿದ್ದವು. ಬೆಂಗಳೂರಿನ ಕಚೇರಿಗೆ ಎರಡೇ ದಿನ ಮೊದಲು, 28ರಂದು, ದಿಲ್ಲಿಯ ಹತ್ತಿರದ ಗುರುಗಾಂವದಲ್ಲಿ ಆಗಬೇಕಾಗಿದ್ದ ಅವರ ಕಚೇರಿಯು ನಿಂತುಹೋಗಿ, ಜನರು ರೊಚ್ಚಿಗೆದ್ದು ದಾಂಧಲೆ ಮಾಡಿದ್ದರು. ಒಂದು ಆಟಕ್ಕೆ ಇದಕ್ಕಿಂತ ಕೆಟ್ಟ ಡಂಗುರ ಉಂಟೆ? ಆದರೂ ಬೆಂಗಳೂರಿನ ಮೈದಾನವು ತುಂಬಿತು. ಬೋರ್ಡು ಹೇಳಿದುದು ದಿನ, ಸ್ಥಳ, ವೇಳೆ ಇಷ್ಟನ್ನೇ. ಹೋಗಬೇಕೆಂಬ ಮನಸ್ಸು ಅದಕ್ಕಿಂತ ಬಹಳ ಹಿಂದೆ ಹುಟ್ಟಿದ್ದಿತು.

ಶಾಸ್ತ್ರದಲ್ಲಿ ಹೇತುಗಳು ಎರಡು ಬಗೆ: ಕಾರಕವೊಂದು, ಜ್ಞಾಪಕವೊಂದು. ಕುಂಬಾರನೂ ಮಣ್ಣೂ ಗಡಿಗೆಗೆ ಕಾರಕ. ಕತ್ತಲೆಯ ಕೋಣೆಯಲ್ಲಿ ಗಡಿಗೆಯನ್ನು ತೋರಿಸುವ ದೀಪವು ಜ್ಞಾಪಕ. ದೀಪವಿಲ್ಲದೆ ಗಡಿಗೆ ಕಾಣದು, ನಿಜ; ಹಾಗೆಂದು ದೀಪವು ಗಡಿಗೆಯನ್ನು ಮಾಡಿತೆನ್ನುವವನನ್ನು ಯಾರೂ ಪಂಡಿತನೆನ್ನರು. ನೈಯಾಯಿಕರಲ್ಲಿ ಇನ್ನೊಂದು ಪ್ರಾಣಿಯೂ ಪ್ರಸಿದ್ಧವಾಗಿದೆ: ಮಣ್ಣು ಹೊತ್ತು ತಂದ ಕುಂಬಾರನ ಕತ್ತೆ. ಗಡಿಗೆಯು ಹುಟ್ಟುವ ಮೊದಲು ಕತ್ತೆಯು ಅಲ್ಲಿದ್ದಿತು. ಆದರೂ ಅದನ್ನು ಗಡಿಗೆಯ ಕಾರಣಗಳಲ್ಲಿ ಎಣಿಸುವದಿಲ್ಲ. ಮಣ್ಣು ಬಂಡಿಯಲ್ಲಿ ಬಂದಿದ್ದರೂ ಗಡಿಗೆ ಆಗುತ್ತಿತ್ತು. ಕತ್ತೆಯ ದುಡಿಮೆಗೆ ಇದು ಅನ್ಯಾಯವೆಂದು ತೋರಬಹುದು. ಮೇವು ಹಾಕಬಾರದೆಂದು ಶಾಸ್ತ್ರವು ಎಲ್ಲಿಯೂ ಹೇಳಿಲ್ಲ. ಕುಂಬಾರನಿಗೆ ಉಪವಾಸ ಕೆಡವಿ ಕತ್ತೆಗೆ ಹೋಳಿಗೆ ಬಡಿಸಬಾರದೆಂಬಷ್ಟೇ ಅದರ ತಾತ್ಪರ್ಯವಾಗಬಹುದು.

ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಮೇಳವು ಕತ್ತೆಯಿಲ್ಲದ ಕುಂಬಾರಿಕೆಗೆ ಒಳ್ಳೆಯ ದೃಷ್ಟಾಂತ. ತಮ್ಮ ಹಾಡನ್ನು ಯಂತ್ರದಲ್ಲಿ ಹಿಡಿದುಕೊಳ್ಳುವವರನ್ನು ಬೇರೆ ಮೇಳಗಳು ಕಳ್ಳರೆಂದು ಹೊರಗಟ್ಟುತ್ತಿದ್ದಾಗ, ಇವರು 1984ರಿಂದ ಅಂಥವರ ಸಲುವಾಗಿಯೇ ಕಚೇರಿಯಲ್ಲಿ ಒಂದು ಸ್ಥಳವನ್ನು ಮೀಸಲಿಟ್ಟರು. ಆ ಟೇಪುಗಳು ಮಾರಾಟಕ್ಕಲ್ಲ, ಸ್ನೇಹದ ವಿನಿಮಯಕ್ಕೆ. ಅಮೇರಿಕೆಯ ಮೊದಲ ಹತ್ತು ಹಾಡುಗಳ ಪಟ್ಟಿಯಲ್ಲಿ ಅವರ ಹಾಡೊಂದು ಕಾಣಿಸಿಕೊಂಡುದು 1987ರಲ್ಲಿ, ಹುಟ್ಟಿ ಇಪ್ಪತ್ತೆರಡು ವರ್ಷಕ್ಕೆ. ಅವರ ಕಚೇರಿಯ ತಿಕೀಟುಗಳಿಗೆ ಜನರು ಮುಗಿಬೀಳುತ್ತಿದ್ದುದು ಅದಕ್ಕೂ ಎಷ್ಟೋ ಮೊದಲಿನಿಂದ. ಇಷ್ಟು ದೂರ ಹೋಗುವದೇಕೆ? ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಾಡಿದ ‘ಕಿಸ್ಮತ್’ ಚಿತ್ರವು 1943ರಲ್ಲಿ ತೆರೆಕಂಡು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಆಕೆಯ ಹೆಸರಿನ ಅಮೀರ ಟಾಕೀಜು ವಿಜಯಪುರದಲ್ಲಿ ತಲೆಯೆತ್ತಿದುದು ಅಂಥ ಕಂಠದ ಗಳಿಕೆಯಿಂದ. ಮೊದಲ ವಾರದ ಜನರನ್ನು ಗೋಡೆಯ ಚಿತ್ರಗಳು ಕರೆದಿರಬಹುದು. ಮೂರನೆಯ ವರ್ಷದ ಜನರನ್ನು ಕರೆದ ಗೋಡೆ ಯಾವದು?

ಆದರೆ ವಾದವನ್ನು ಅತಿಯಾಗಿ ಎಳೆಯಲಾಗದು. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ-ಕುದುರೆಗಳನ್ನೇ ತಂದರು. ಆ ಆನೆಯನ್ನು ಏನೆಂದು ಎಣಿಸಬೇಕು? ಆಟದ ಅಂಗವೆಂದೇ, ಆಟದ ಡಂಗುರವೆಂದೇ? ಎರಡೂ ಅಹುದು. ಕಾರಕ-ಜ್ಞಾಪಕಗಳ ನಡುವಿನ ಗೆರೆಯು ಅಲ್ಲಿ ಆನೆಯ ಕಾಲ್ಕೆಳಗೆ ಅಳಿಸಿಹೋಗುವದು. ಅಲ್ಲದೆ, ಯಾರೂ ಕೇಳರಿಯದ ಕಂಪನಿಯು ಯಾರೂ ಕೇಳರಿಯದ ನಾಟಕವನ್ನು ಹೊಸ ಊರಿಗೆ ತಂದಾಗ ಮೊದಲ ರಾತ್ರಿಯ ಜನರು ಸಾರಿದುದರಿಂದಲೇ ಬರಬೇಕು; ಕತ್ತೆಯ ಹೊರತು ಬೇರೆ ಬಂಡಿ ಇಲ್ಲದ ಹಾದಿಯದು. ತಿಕೋಟಾದ ಮೊದಲ ಎರಡು ರಾತ್ರಿಗಳ ಶ್ರೇಯಸ್ಸನ್ನು ಆಟೋದವರಿಗೆ ಕೊಡದಿರುವದು ಹಟವಾದೀತು. ಮೂರನೆಯ ರಾತ್ರಿಯದನ್ನು ಕೊಡಲಾಗದು, ಇಷ್ಟೇ.

ಮಾಲಕನು ಒಂದು ದಿನ ಆಟ ನಿಲ್ಲಿಸಿ ಬನಶಂಕರಿಗೆ ಹೋದನು. ಡೇರೆಯ ತಗಡುಗಳಲ್ಲಿ ಕೆಲವನ್ನು ಒತ್ತೆಯಿಟ್ಟ ಹಣವು ಕಿಸೆಯಲ್ಲಿದ್ದಿತು. ಪೇಟಿ ಮಾಸ್ತರನು ಬಾಕಿಯನ್ನು ಎಣಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಪೇಟಿಯನ್ನು ಹೆಗಲಿಗೇರಿಸಿದನು. ನಾಯಕಿಯು ತನ್ನ ಬಾಕಿಯನ್ನು ತೆಗೆದುಕೊಂಡಳು, ಹಿಂದಿರುಗಲಿಲ್ಲ. ಎರಡರ್ಥದ ನಾಟಕವನ್ನು ಆಕೆಯಿಲ್ಲದೆ ಆಡುವಂತಿರಲಿಲ್ಲ. ಮುದುಕನು, “ಧುತ್ತರಗಿಯವರ ಆಟ ಹಾಕ್ರಿ ಮಾಲಕರ, ಎಲ್ಲಾರಿಗೂ ಮಾತ ಬರ್ತಾವ” ಎಂದನು. ಹೀಗೆ ‘ಸಂಪತ್ತಿಗೆ ಸವಾಲ್’ ರಂಗಕ್ಕೇರಿತು. ಹುನಗುಂದದ ಸೀಮೆಯ ಪಿ. ಬಿ. ಧುತ್ತರಗಿಯವರ ಈ ನಾಟಕವು 1974ರಲ್ಲಿ ಚಲಚ್ಚಿತ್ರವಾದುದನ್ನೂ, ಅದರಲ್ಲಿ ರಾಜಕುಮಾರರು ಎಮ್ಮೆಯ ಮೇಲೆ ಕುಳಿತು ತಮ್ಮದೇ ಕಂಠದಿಂದ ಹಾಡಿದುದನ್ನೂ ಅರಿಯದವರು ಆ ಭಾಗದಲ್ಲಿ ಯಾರು? ಸಾರಲು ಹಣವಿರಲಿಲ್ಲ. ಬಸ್ ನಿಲ್ದಾಣದ ಗೋಡೆಗೆ ಕೈಬರೆಹದ ಒಂದು ಹಾಳೆಯನ್ನು ಅಂಟಿಸಿದರು, ಅಷ್ಟೇ.

ಮೊದಲ ರಾತ್ರಿ ನಾಲ್ಕು ಸಾಲು. ಎರಡನೆಯ ರಾತ್ರಿ ಆರು. ಐದನೆಯ ರಾತ್ರಿ ಬಬಲೇಶ್ವರದಿಂದ ಟಂಟಂ ತುಂಬ ಹೆಣ್ಣುಮಕ್ಕಳು ಬಂದಿಳಿದರು. ಮೂರನೆಯ ಆಟೋ ಹಗಲೆಲ್ಲ ಕೂಗಿದರೂ ಒಬ್ಬರನ್ನೂ ಹೊರಡಿಸದಿದ್ದ ಊರದು. ನಿಮಗೆ ಹೇಗೆ ತಿಳಿಯಿತೆಂದು ಮಾಲಕನು ಹಿರಿಯಳೊಬ್ಬಳನ್ನು ಕೇಳಲು, “ಕಂಡಕ್ಟರಪ್ಪಾ ಹೇಳಿದ್ನವ್ವಾ ಅಂತ ನಮ್ಮ ಸೊಸಿ ಅಂದ್ಳು. ಯಾರರ ಹೇಳ್ಯಾರ ಬಿಡೋ ತಮ್ಮಾ, ಆಟ ಸುರು ಮಾಡು” ಎಂದು ಆಕೆ ಒಳಗೆ ನಡೆದಳು. ಜನರನ್ನು ತಂದುದು ಧುತ್ತರಗಿಯವರ ಆಟವೋ, ಮರಳಿ ಬಂದ ಪೇಟಿಯೋ ಎಂದು ಕೇಳಿದರೆ ನೈಯಾಯಿಕನು ಇಲ್ಲಿ ಕೈಕಟ್ಟಿ ಕೂಡ್ರಬೇಕು. ಎರಡನ್ನೂ ಒಂದೇ ದಿನ ಬದಲಿಸಿದವರಿಗೆ ಅದನ್ನು ಬೇರ್ಪಡಿಸಿ ಹೇಳುವ ಶಾಸ್ತ್ರವಿಲ್ಲ. ಮಾಲಕನಿಗೂ ಅದರ ಗೊಡವೆಯಿರಲಿಲ್ಲ; ಒತ್ತೆಯ ತಗಡುಗಳು ಬಿಡುಗಡೆಯಾಗಬೇಕಾಗಿದ್ದವು.

ಬಾಗಿಲಿನ ಮುದುಕನಿಗೆ ಒಂದು ರೂಢಿಯಿದ್ದಿತು. ಆಟ ಬಿಟ್ಟೊಡನೆ ಅವನು ಬಾಗಿಲ ಕಂಬಕ್ಕೆ ಒರಗಿ, ಹೊರಬೀಳುವ ಜನರು ಏನಾಡುವರೆಂದು ಕೇಳುತ್ತ ನಿಲ್ಲುತ್ತಿದ್ದನು. ಚಪ್ಪಲಿ ಹುಡುಕುತ್ತ ಸುಮ್ಮನೆ ಹೋದರೆ ನಾಳೆಗೆ ಕುರ್ಚಿ ಒರಸುವ ಕೆಲಸ ಕಡಿಮೆ. ಖಳನಾಯಕನನ್ನು ಬೈಯುತ್ತ ಹೋದರೆ ಎರಡು ಸಾಲು ಹೆಚ್ಚು. ಯಾವಳಾದರೂ ಸೆರಗಿನಿಂದ ಕಣ್ಣೊರಸಿಕೊಂಡು, ನಮ್ಮ ಅತ್ತೀನ್ನೂ ಕರಕೊಂಡ ಬರಬೇಕಿತ್ತು ಎಂದರೆ ಅವನು ಮರುದಿನ ಹೆಚ್ಚಿನ ಚಾಪೆಗಳನ್ನು ಕೊಡವಿಡುತ್ತಿದ್ದನು. ತಿಕೋಟಾದ ಕೊನೆಯ ವಾರದಲ್ಲಿ ಆ ಕಂಬದ ಮತ್ತೊಂದು ಮಗ್ಗುಲಿಗೆ ಮಾಲಕನೂ ಬಂದು ನಿಲ್ಲತೊಡಗಿದನು. ಮುದುಕನು ಸ್ವಲ್ಪ ಸರಿದು ಅವನಿಗೆ ಸ್ಥಳ ಮಾಡಿಕೊಟ್ಟನು.